ತಪ್ಪು ನೆನಪಿನ ಹೆಸರುಗಳು

ಅಮೆರಿಕದ ಮನಃಶಾಸ್ತ್ರಜ್ಞ ಉಲ್ರಿಕ್ ನೈಸರ್ ಅವರಿಗೆ 1941ರ ಡಿಸೆಂಬರ್ 7 ಚೆನ್ನಾಗಿ ನೆನಪಿತ್ತು. ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಬಾಂಬು ಸುರಿದ ದಿನ. ಹದಿಮೂರು ತುಂಬಲು ಒಂದೇ ದಿನ ಬಾಕಿಯಿದ್ದ ಹುಡುಗ ಮನೆಯ ಹಜಾರದಲ್ಲಿ ಕೂತು ರೇಡಿಯೊದಲ್ಲಿ ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆ ಕೇಳುತ್ತಿದ್ದ. ಪಂದ್ಯದ ನಡುವೆ ದಾಳಿಯ ಸುದ್ದಿ ಬಂತು. ಅಮ್ಮನಿಗೆ ಹೇಳಲೆಂದು ಮೆಟ್ಟಿಲು ಹತ್ತಿ ಓಡಿದ. ಎಷ್ಟೋ ವರ್ಷ ಕಾಲ ಈ ಚಿತ್ರದ ಬಗ್ಗೆ ನೈಸರ್‌ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆಮೇಲೊಮ್ಮೆ ಹೊಳೆಯಿತು: ಅಮೆರಿಕದಲ್ಲಿ ಡಿಸೆಂಬರ್ ತಿಂಗಳಲ್ಲಿ ಬೇಸ್‌ಬಾಲ್ ಆಡುವುದೇ ಇಲ್ಲವಲ್ಲ!

ಈ ನೈಸರ್ ಸಾಮಾನ್ಯರಲ್ಲ. 1967ರಲ್ಲಿ 'ಕಾಗ್ನಿಟಿವ್ ಸೈಕಾಲಜಿ' ಎಂಬ ಗ್ರಂಥ ಬರೆದು, ಮನಃಶಾಸ್ತ್ರದ ಒಂದು ಶಾಖೆಗೆ ಆ ಹೆಸರು ಗಟ್ಟಿಯಾಗಿ ನಿಲ್ಲುವಂತೆ ಮಾಡಿದವರು. ನೆನಪನ್ನೇ ಅಧ್ಯಯನ ಮಾಡಿದವರು. ಅವರೇ ತಮ್ಮ ಈ ನೆನಪಿನ ಕಥೆಯನ್ನು 1982ರಲ್ಲಿ ಬರೆದುಕೊಂಡರು. ನಾಲ್ಕು ವರ್ಷದ ನಂತರ ಬೇರೆ ಇಬ್ಬರು ಸಂಶೋಧಕರು ಹಳೆಯ ದಾಖಲೆ ಕೆದಕಿ, ಆ ದಿನ ರೇಡಿಯೊದಲ್ಲಿ ಪ್ರಸಾರವಾಗುತ್ತಿದ್ದದ್ದು ಅಮೆರಿಕನ್ ಫುಟ್‌ಬಾಲ್ ಪಂದ್ಯವೆಂದು ತೋರಿಸಿದರು. ಆಡುತ್ತಿದ್ದ ತಂಡಗಳ ಹೆಸರು ಜೈಂಟ್ಸ್ ಮತ್ತು ಡಾಜರ್ಸ್. ನ್ಯೂಯಾರ್ಕಿನಲ್ಲಿ ಅದೇ ಹೆಸರಿನ ಎರಡು ಬೇಸ್‌ಬಾಲ್ ತಂಡಗಳೂ ಆಗ ಇದ್ದವು. ಹುಡುಗನ ತಲೆಯಲ್ಲಿ ಹೆಸರು ಉಳಿಯಿತು, ಆಟ ಅದಲುಬದಲಾಯಿತು.

ಮರೆತಾಗ, ಮರೆತೆವೆಂಬುದಾದರೂ ನಮಗೆ ತಿಳಿಯುತ್ತದೆ. ಬೀಗದ ಕೈ ಎಲ್ಲಿಟ್ಟೆವೆಂದು ಮನೆಯೆಲ್ಲ ತಡಕಾಡುತ್ತೇವೆ, ಪರಿಚಯದವರ ಹೆಸರು ಬಾಯಿಗೆ ಬಾರದೆ ಪೇಚಾಡುತ್ತೇವೆ. ತಪ್ಪು ನೆನಪಿಗೆ ಇಂಥ ಪೇಚಾಟವಿಲ್ಲ. ಅದು ಸರಿಯಾದ ನೆನಪಿನಷ್ಟೇ ಸಲೀಸಾಗಿ, ಅಷ್ಟೇ ಧೈರ್ಯವಾಗಿ ಎದ್ದು ಬರುತ್ತದೆ. ಇಂಗ್ಲಿಷ್ ನಿಘಂಟನ್ನು ತಿರುವಿದರೆ ಈ ವ್ಯತ್ಯಾಸ ಪದಗಳ ವಯಸ್ಸಿನಲ್ಲೇ ಕಾಣುತ್ತದೆ. ಮರೆವಿನ ಪದಗಳು ಬಹಳ ಹಳೆಯವು. ತಪ್ಪಾಗಿ ನೆನೆಯುವುದಕ್ಕೆ ಮಿಸ್‌ರಿಮೆಂಬರ್ ಎಂಬ ಸಾದಾ ಕ್ರಿಯಾಪದ 16ನೇ ಶತಮಾನದಿಂದ ಇತ್ತು, ನಿಜ. ಆದರೆ ಯಾವ ಬಗೆಯ ತಪ್ಪು, ಅದು ಹೇಗಾಯಿತು ಎಂದು ಬಿಡಿಸಿ ಹೇಳುವ ಹೆಸರುಗಳು ಹುಟ್ಟಿದ್ದು ಹೆಚ್ಚಾಗಿ ಕಳೆದ ನೂರೈವತ್ತು ವರ್ಷದೊಳಗೆ. ಅಚ್ಚಾದ ಪುಸ್ತಕವೋ, ಬರೆದಿಟ್ಟ ಕಾಗದವೋ, ಧ್ವನಿಮುದ್ರಿಕೆಯೋ ಎದುರು ನಿಂತು ಹಾಗಲ್ಲ ಎನ್ನುವವರೆಗೆ ತಪ್ಪು ನೆನಪು ತಪ್ಪೆಂದು ಗೊತ್ತಾಗುವುದೇ ಇಲ್ಲ. ಗೊತ್ತಾಗದ್ದಕ್ಕೆ ಹೆಸರಿಡುವವರು ಯಾರು?

ಮೊದಲು ಮರೆವಿನ ಕಡೆ ಒಂದು ಸುತ್ತು ಹಾಕಿಬರೋಣ. ಫರ್ಗೆಟ್ ಎಂಬ ಪದ ಹಳೆಯ ಇಂಗ್ಲಿಷಿನಿಂದ ಬಂದದ್ದು. ಅದರೊಳಗಿನ ಗೆಟ್ ಎಂದರೆ ಹಿಡಿ, ಹಿಂದಿನ ಫರ್ ಸೇರಿದರೆ ಹಿಡಿದದ್ದು ಕೈತಪ್ಪುವುದು. ಗ್ರೀಕರ ಪಾತಾಳದಲ್ಲಿ ಲೇಥೆ ಎಂಬ ಹೊಳೆಯಿತ್ತು. ಸತ್ತವರು ಅದರ ನೀರು ಕುಡಿದರೆ ಹಿಂದಿನದೆಲ್ಲ ಮರೆತುಹೋಗುತ್ತಿತ್ತಂತೆ. ಜಡತೆಗೆ ಇಂಗ್ಲಿಷಿನಲ್ಲಿ ಲೆಥಾರ್ಜಿ ಎನ್ನುವುದರ ಬೇರು ಈ ಹೆಸರೇ. ಪ್ರಾಣಾಂತಿಕ ಎಂಬರ್ಥದ ಲೀಥಲ್ ಮಾತ್ರ ಈ ಮನೆತನದ್ದಲ್ಲ. ಅದು ಲ್ಯಾಟಿನ್ನಿನಲ್ಲಿ ಸಾವು ಎಂಬರ್ಥದ ಲೇಟುಮ್‌ನಿಂದ ಬಂದದ್ದು. ಅದಕ್ಕೂ ಲೇಥೆ ಹೊಳೆಗೂ ನಂಟಿದೆಯೆಂದು ಹಿಂದಿನ ಬರಹಗಾರರು ತಪ್ಪು ತಿಳಿದು ನಡುವೆ ಒಂದು 'ಎಚ್' ಅಕ್ಷರ ತುರುಕಿದರು. ಇಂಗ್ಲಿಷ್ ಶಾಲೆಯ ಮಕ್ಕಳು ಇವತ್ತಿಗೂ ಆ ತಪ್ಪನ್ನೇ ಸರಿಯಾದ ಕಾಗುಣಿತವೆಂದು ಕಲಿಯುತ್ತಾರೆ.

ನೆನಪಳಿಯುವ ಕಾಯಿಲೆಗೆ ಹೇಳುವ ಆಮ್ನೀಷಿಯಾ, ಕೈದಿಗಳಿಗೆ ಸರ್ಕಾರ ಕೊಡುವ ಕ್ಷಮಾದಾನದ ಆಮ್ನೆಸ್ಟಿ, ಇವೆರಡೂ ಒಂದೇ ಗ್ರೀಕ್ ಬೇರಿನ ಅಕ್ಕತಂಗಿಯರು. ಕ್ರಿ.ಪೂ. 403ರಲ್ಲಿ ಅಥೆನ್ಸಿನಲ್ಲಿ ಮೂವತ್ತು ಮಂದಿ ನಿರಂಕುಶರ ಆಳ್ವಿಕೆ ಮುಗಿದಾಗ, ಅವರ ಕಾಲದ ಕೇಡುಗಳನ್ನು ಎತ್ತಿ ಆಡುವುದಿಲ್ಲವೆಂದು ನಾಗರಿಕರು ಪ್ರಮಾಣ ಮಾಡಿದರು. ಮರೆಯಲಾರದ್ದನ್ನು ಮರೆತಂತೆ ನಡೆದುಕೊಳ್ಳುವ ಒಪ್ಪಂದ ಅದು. ಕಾಯಿಲೆಯ ಮರೆವಿಗೂ ಈ ಮರೆವಿಗೂ ಅಜಗಜಾಂತರ.

ದಿನಬಳಕೆಯ ಚಿಲ್ಲರೆ ಮರೆವಿಗೂ ಪದಗಳಿಗೆ ಬರವಿಲ್ಲ. ಯಾರನ್ನೋ ಇನ್ನೊಬ್ಬರಿಗೆ ಪರಿಚಯಿಸಹೊರಟು ಅವರ ಹೆಸರೇ ಹೊಳೆಯದೆ ತಡವರಿಸುವುದಕ್ಕೆ ಸ್ಕಾಟ್ಲೆಂಡಿನವರು ಟಾರ್ಟಲ್ ಎನ್ನುತ್ತಾರೆ. ಇಂಥ ಪದವೊಂದು ನಮ್ಮ ಮದುವೆ ಮನೆಗಳಿಗೆ ತುರ್ತಾಗಿ ಬೇಕು. ಬೇಕಾದ ಪದ ಬಾಯಿಗೆ ಬಾರದಿರುವುದಕ್ಕೆ ಲೆಥೊಲಾಜಿಕಾ ಎಂಬ ಭಾರಿ ಹೆಸರಿದೆ. ಬೇಕಾದಾಗ ಆ ಹೆಸರೂ ನೆನಪಿಗೆ ಬರುವುದಿಲ್ಲವಾದ್ದರಿಂದ ಅದನ್ನು ಯಾರೂ ಬಳಸುವುದಿಲ್ಲ. ಜನ ಬಳಸುವುದು ಟಿಪ್ ಆಫ್ ದ ಟಂಗ್ ಎಂಬ ಮಾತನ್ನು. ನಾವೂ ನಾಲಿಗೆ ತುದಿಯಲ್ಲೇ ಇದೆ ಎನ್ನುವುದಿಲ್ಲವೇ? ಬೆನೆಟ್ ಶ್ವಾರ್ಟ್ಸ್ ಎಂಬ ಮನಃಶಾಸ್ತ್ರಜ್ಞ 1999ರಲ್ಲಿ 51 ಭಾಷೆಗಳನ್ನು ಹೋಲಿಸಿ ನೋಡಿದಾಗ 45ರಲ್ಲಿ ಈ ಅನುಭವಕ್ಕೆ ನಾಲಿಗೆಯನ್ನೇ ಹಿಡಿದು ಮಾತು ಕಟ್ಟಿದ್ದರು.

ನಾಲಿಗೆ ತುದಿಯ ಪದ ಪೂರ್ತಿ ಮರೆತಿರುವುದಿಲ್ಲ ಎಂಬುದನ್ನು ರೋಜರ್ ಬ್ರೌನ್, ಡೇವಿಡ್ ಮೆಕ್‌ನೀಲ್ ಎಂಬಿಬ್ಬರು 1966ರಲ್ಲಿ ಪ್ರಯೋಗದಿಂದ ತೋರಿಸಿದರು. ಅಪರೂಪದ ಪದದ ಅರ್ಥವನ್ನು ಓದಿ ಹೇಳಿ, ಆ ಪದ ಯಾವುದೆಂದು ವಿದ್ಯಾರ್ಥಿಗಳನ್ನು ಕೇಳಿದರು. ನಾವಿಕರು ಸೂರ್ಯ ನಕ್ಷತ್ರಗಳ ಕೋನ ಅಳೆಯುವ ಸೆಕ್ಸ್‌ಟಂಟ್ ಎಂಬ ಉಪಕರಣ ಅವುಗಳಲ್ಲೊಂದು. ಕೆಲವರ ಬಾಯಲ್ಲಿ ಕಂಪಾಸ್ ಎಂಬಂಥ ಅರ್ಥದ ನೆಂಟರು ಬಂದರು, ಕೆಲವರ ಬಾಯಲ್ಲಿ ಸೆಕ್ಸ್‌ಟೆಟ್, ಸೀಕೆಂಟ್ ಎಂಬಂಥ ಸದ್ದಿನ ನೆಂಟರು. ಪದ ಬಾರದಿದ್ದರೂ ಅದರ ಮೊದಲ ಅಕ್ಷರವನ್ನು ಬಹಳ ಮಂದಿ ಸರಿಯಾಗಿ ಊಹಿಸಿದರು.

ಮರೆವಿನ ಮಾತು ಇಷ್ಟು ಸಾಕು. ತಪ್ಪು ನೆನಪಿಗೆ ಹೆಸರಿಡುವ ಕೆಲಸ ಶುರುವಾದದ್ದು 19ನೇ ಶತಮಾನದ ಕೊನೆಯಲ್ಲಿ. ಹಿಂದೆಂದೂ ಕಾಣದ್ದನ್ನು ಕಂಡಂತೆ ಅನಿಸುವ ಡೇಜಾ ವೂ ಎಂಬ ಫ್ರೆಂಚ್ ಹೆಸರು 1876ರಲ್ಲಿ ಎಮಿಲ್ ಬೊಯ್ರಾಕ್ ಒಂದು ತತ್ತ್ವಶಾಸ್ತ್ರ ಪತ್ರಿಕೆಗೆ ಬರೆದ ಪತ್ರದಲ್ಲಿ ಕಾಣಿಸಿತು. ಆ ಕಾಲದ ಹೆಸರುಗಳಲ್ಲಿ ಕನ್ನಡ ಓದುಗರು ನಿಂತು ನೋಡಬೇಕಾದದ್ದು ಮಾತ್ರ ಬೇರೆಯದು: ಕ್ರಿಪ್ಟೊಮ್ನೀಷಿಯಾ. ಎಂದರೆ ಗುಪ್ತ ನೆನಪು. ಎಲ್ಲೋ ಓದಿದ್ದು, ಕೇಳಿದ್ದು, ಓದಿದೆನೆಂಬ ಅರಿವಿಲ್ಲದೆ ಸ್ವಂತದ್ದಾಗಿ ಮೇಲೆದ್ದು ಬರುವುದು. ಈ ಪದದ ಹುಟ್ಟಿನ ಕಥೆ ನಮ್ಮ ಕರಾವಳಿಗೆ ಬಂದು ಮುಟ್ಟುತ್ತದೆ.

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಎಲೀಸ್ ಮ್ಯೂಲರ್ ಎಂಬ ಮಹಿಳೆ ಇದ್ದಳು. ಹಗಲು ಅಂಗಡಿಯೊಂದರಲ್ಲಿ ಕೆಲಸ, ಸಂಜೆ ಪ್ರೇತಾತ್ಮಗಳೊಡನೆ ಮಾತನಾಡುವ ಮಾಧ್ಯಮ. ಹಾಗೆಂದು ಹಣ ಕೀಳುವವಳಲ್ಲ. ಜಿನೀವಾ ವಿಶ್ವವಿದ್ಯಾಲಯದ ಮನಃಶಾಸ್ತ್ರದ ಪ್ರಾಧ್ಯಾಪಕ ತಿಯೊಡೋರ್ ಫ್ಲೂರ್ನ್ವಾ 1894ರ ಡಿಸೆಂಬರ್‌ನಿಂದ ಅವಳ ಬೈಠಕ್ಕುಗಳಿಗೆ ಹೋಗತೊಡಗಿದರು. ಮೈಮರೆತ ಸ್ಥಿತಿಯಲ್ಲಿ ಅವಳು ಮಂಗಳ ಗ್ರಹಕ್ಕೆ ಹೋಗಿಬರುತ್ತಿದ್ದಳು, ಅಲ್ಲಿನ ಭಾಷೆ ಆಡುತ್ತಿದ್ದಳು. ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್ ಆಗುತ್ತಿದ್ದಳು. ಇನ್ನೊಂದು ಹಿಂದಿನ ಜನ್ಮದಲ್ಲಿ ಅವಳು ಅರಬ್ ಶೇಖ್ ಒಬ್ಬನ ಮಗಳು ಸಿಮಂದಿನಿ. ಗಂಡ ಶಿವ್ರೂಕ ನಾಯಕ. ಕೆನರಾ ಪ್ರಾಂತದಲ್ಲಿ 1401ರಲ್ಲಿ ಚಂದ್ರಗಿರಿ ಎಂಬ ಕೋಟೆ ಕಟ್ಟಿದ ರಾಜ. ಅವನು ಸತ್ತಾಗ ಸಿಮಂದಿನಿ ಅವನ ಚಿತೆಯೇರಿದಳು. ಇಷ್ಟು ಸಾಲದೆಂಬಂತೆ, ಆ ಶಿವ್ರೂಕ ನಾಯಕನೇ ಈ ಜನ್ಮದಲ್ಲಿ ಫ್ಲೂರ್ನ್ವಾ ಆಗಿ ಹುಟ್ಟಿದ್ದಾನೆ ಎಂದೂ ಅವಳು ಹೇಳಿದಳು. ಪ್ರಾಧ್ಯಾಪಕರ ಮುಖ ಆಗ ಹೇಗಿತ್ತೋ!

ಫ್ಲೂರ್ನ್ವಾ ನಗಲಿಲ್ಲ, ಹುಡುಕಿದರು. ಭಾರತದ ಇತಿಹಾಸ ಬಲ್ಲ ವಿದ್ವಾಂಸರನ್ನು ಕೇಳಿದರೆ ಇಂಥ ರಾಜನನ್ನು ಕೇಳಿದವರೇ ಇಲ್ಲ. ಕೊನೆಗೆ ದ ಮಾರ್ಲೆಸ್ ಎಂಬಾತ 1828ರಲ್ಲಿ ಪ್ಯಾರಿಸಿನಲ್ಲಿ ಅಚ್ಚುಹಾಕಿಸಿದ, ಭಾರತದ ಇತಿಹಾಸವನ್ನು ಹೇಳುವ ಹಳೆಯ ಗ್ರಂಥವೊಂದು ಕೈಗೆ ಸಿಕ್ಕಿತು. ಅದರಲ್ಲಿ ಎಲ್ಲವೂ ಇತ್ತು: ಕೆನರಾ, ಚಂದ್ರಗಿರಿ, 1401, ಶಿವ್ರೂಕ ನಾಯಕ. ಜಿನೀವಾದಲ್ಲೇ ಈ ಪುಸ್ತಕದ ಎರಡು ಪ್ರತಿಗಳು ಧೂಳು ಹಿಡಿದು ಕೂತಿದ್ದವು. ಎಲೀಸ್ ಅದನ್ನು ತೆರೆದು ನೋಡಿದ್ದಳೆಂದು ಸಾಬೀತು ಮಾಡಲು ಫ್ಲೂರ್ನ್ವಾಗೆ ಆಗಲಿಲ್ಲ. ಅವಳಂತೂ ನೋಡಿಲ್ಲವೆಂದೇ ಹೇಳಿದಳು, ಮತ್ತು ಅದು ಸುಳ್ಳೆಂದು ಅವರಿಗೆ ಅನಿಸಲಿಲ್ಲ. ಎಲ್ಲೋ ಕಣ್ಣಿಗೆ ಬಿದ್ದದ್ದು ಬಿದ್ದ ನೆನಪೇ ಇಲ್ಲದೆ ಒಳಗೆ ಉಳಿದಿದೆ ಎಂಬುದು ಅವರ ತೀರ್ಮಾನ. ಅದಕ್ಕೆ ಇನ್ನೊಂದು ಆಧಾರವೂ ಸಿಕ್ಕಿತು. ಅವಳು ಬೈಠಕ್ಕಿನಲ್ಲಿ ಬರೆದ ಒಂದು ಅರಬ್ಬಿ ಗಾದೆ, ಅವಳ ಮನೆಯ ವೈದ್ಯರು ತಮ್ಮ ಪ್ರವಾಸದ ಪುಸ್ತಿಕೆಯ ಪ್ರತಿಗಳ ಮೇಲೆ ಬರೆದು ಸ್ನೇಹಿತರಿಗೆ ಕೊಡುತ್ತಿದ್ದ ಗಾದೆಯಾಗಿತ್ತು. 1900ರಲ್ಲಿ ಹೊರಬಂದ ಫ್ಲೂರ್ನ್ವಾರ 'ಭಾರತದಿಂದ ಮಂಗಳ ಗ್ರಹಕ್ಕೆ' ಎಂಬ ಪುಸ್ತಕದಿಂದ ಕ್ರಿಪ್ಟೊಮ್ನೀಷಿಯಾ ಎಂಬ ಪದ ಚಾಲ್ತಿಗೆ ಬಂತು. ಅದರಲ್ಲಿ ಎಲೀಸ್‌ಗೆ ಹೆಲೆನ್ ಸ್ಮಿತ್ ಎಂದು ಹೆಸರು ಬದಲಿಸಿದ್ದರು.

ಚಂದ್ರಗಿರಿ ಕೋಟೆ ಈಗಲೂ ಇದೆ, ಕಾಸರಗೋಡಿನ ಹತ್ತಿರ, ಅದೇ ಹೆಸರಿನ ಹೊಳೆಯ ದಡದಲ್ಲಿ. 1956ರವರೆಗೆ ಆ ಸೀಮೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಕೋಟೆ 17ನೇ ಶತಮಾನದ್ದು. ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ ಎಂಬುದು ರೂಢಿಯ ಮಾತು. 1401ರಲ್ಲಿ ಕೆಳದಿ ಅರಸುಮನೆತನವೇ ಹುಟ್ಟಿರಲಿಲ್ಲ. ಶಿವ್ರೂಕ ಎಂಬುದು ಶಿವಪ್ಪನೇ ಫ್ರೆಂಚರ ಕಿವಿಯಲ್ಲಿ, ಲೇಖನಿಯಲ್ಲಿ ಹೊರಳಿ ಆದ ರೂಪವಿರಬೇಕು ಎಂದು ನನ್ನ ಊಹೆ. ಹಾಗಿದ್ದರೆ ನೋಡಿ: ಮೊದಲು ಪುಸ್ತಕ ಹೆಸರನ್ನೂ ಇಸವಿಯನ್ನೂ ತಪ್ಪು ಮಾಡಿತು, ಆಮೇಲೆ ಓದುಗಳು ಪುಸ್ತಕವನ್ನು ಮರೆತಳು, ಕೊನೆಗೆ ಆ ತಪ್ಪು ಇಸವಿಯೇ ಪೂರ್ವಜನ್ಮಕ್ಕೆ ಸಾಕ್ಷಿಯಾಗಿ ಬಂತು. ಅವಳನ್ನು ಬಯಲಿಗೆಳೆದದ್ದೂ ಅದೇ ತಪ್ಪು ಇಸವಿ.

ಸಿಮಂದಿನಿ ಆಡುತ್ತಿದ್ದ 'ಭಾರತದ ಭಾಷೆ'ಯನ್ನು ಪರೀಕ್ಷಿಸಿದವರಲ್ಲಿ ಆಧುನಿಕ ಭಾಷಾಶಾಸ್ತ್ರದ ಆದ್ಯ ಫರ್ಡಿನಾಂಡ್ ದ ಸೊಸ್ಯೂರ್ ಕೂಡ ಇದ್ದರು. ಅದು ಸಂಸ್ಕೃತವಲ್ಲ, ಆದರೆ ಗಣಪತಿಯ ಹೆಸರಿನಂಥ ಸಂಸ್ಕೃತದ ಚೂರುಗಳಿವೆ, ಸಂಸ್ಕೃತದಲ್ಲಿ ಇಲ್ಲದ 'ಎಫ್' ಧ್ವನಿ ಇದರಲ್ಲೂ ಇಲ್ಲ ಎಂಬುದನ್ನು ಅವರು ಗಮನಿಸಿದರು. ಇದಕ್ಕೆ ವಿಕ್ತೋರ್ ಆನ್ರಿ ಎಂಬ ಇನ್ನೊಬ್ಬ ಸಂಸ್ಕೃತ ವಿದ್ವಾಂಸರು ಕೊಟ್ಟ ವಿವರಣೆ ಮಜವಾಗಿದೆ. ತಾನು ಆಡುತ್ತಿರುವುದು ಫ್ರೆಂಚ್ ಆಗಬಾರದು ಎಂದು ಅವಳ ಒಳಮನಸ್ಸು ಕಾವಲು ಕಾಯುತ್ತಿತ್ತು. 'ಫ್ರಾನ್ಸೆ' ಎಂಬ ಪದದ ಮೊದಲ ಧ್ವನಿಯನ್ನೇ ಅದು ಹೊರಗಟ್ಟಿತು ಎಂದರು ಅವರು.

ಗುಪ್ತ ನೆನಪು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1970ರಲ್ಲಿ ಹಾಡಿದ 'ಮೈ ಸ್ವೀಟ್ ಲಾರ್ಡ್', ಹರೇ ಕೃಷ್ಣ ಎಂಬ ಕೋರಸ್ಸಿನಿಂದ ನಮ್ಮಲ್ಲೂ ಪರಿಚಿತ. ಅದರ ಮಟ್ಟು 1963ರ 'ಹೀಸ್ ಸೋ ಫೈನ್' ಹಾಡಿನದೇ ಎಂದು ದಾವೆ ಬಿತ್ತು. ಹ್ಯಾರಿಸನ್ ಬೇಕೆಂದು ಕದ್ದಿಲ್ಲ, ಅವರ ಸುಪ್ತ ಮನಸ್ಸು ಕದ್ದಿದೆ, ಆದರೂ ಕಾನೂನಿನ ಕಣ್ಣಲ್ಲಿ ಅದು ಕೃತಿಚೌರ್ಯವೇ ಎಂದು 1976ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ತೀರ್ಪಿತ್ತರು. ಹ್ಯಾರಿಸನ್ ಶ್ರೀಮಂತರು, ತಡೆದುಕೊಂಡರು. ಅದಕ್ಕೂ ಮೊದಲು ಇದೇ ಆಪಾದನೆ ಹೊತ್ತದ್ದು ಕಣ್ಣು ಕಿವಿ ಎರಡೂ ಇಲ್ಲದ ಒಬ್ಬ ಹುಡುಗಿ. ಹನ್ನೊಂದು ವರ್ಷದ ಹೆಲೆನ್ ಕೆಲ್ಲರ್ 1891ರಲ್ಲಿ 'ದ ಫ್ರಾಸ್ಟ್ ಕಿಂಗ್' ಎಂಬ ಕಥೆ ಬರೆದಳು. ಅದು ಮಾರ್ಗರೆಟ್ ಕ್ಯಾನ್ಬಿ ಅವರ ಕಥೆಯೊಂದಕ್ಕೆ ಬಹಳ ಹತ್ತಿರವಿತ್ತು. ಯಾರೋ ಹಿಂದೆ ಅವಳ ಅಂಗೈ ಮೇಲೆ ಬೆರಳಕ್ಷರದಲ್ಲಿ ಆ ಕಥೆ ಓದಿ ಹೇಳಿದ್ದರು. ಅವಳಿಗೆ ಅದರ ನೆನಪಿರಲಿಲ್ಲ. ಅಂಧರ ಶಾಲೆಯಲ್ಲಿ ಎಂಟು ಮಂದಿಯ ಸಮಿತಿ ಕೂತು, ಗುರು ಆನಿ ಸಲಿವನ್‌ರನ್ನು ಹೊರಗಿಟ್ಟು, ಆ ಮಗುವನ್ನು ವಿಚಾರಿಸಿತು. ಇದನ್ನು ಓದಿದಾಗಲೆಲ್ಲ ನನಗೆ ಆ ಎಂಟು ಮಂದಿಯ ಮೇಲೆ ಸಿಟ್ಟು ಬರುತ್ತದೆ. ಓದಿದ್ದು ಯಾವುದು, ತನ್ನದು ಯಾವುದು ಎಂದು ಬೇರ್ಪಡಿಸುವುದು ತನಗೆ ಕಷ್ಟವೆಂದು ಕೆಲ್ಲರ್ ಮುಂದೆ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಓದುವ ಯಾರಿಗಾದರೂ ಅದು ಕಷ್ಟವೇ.

ಕಿವಿಯಿಂದಲೇ ಶುರುವಾಗುವ ತಪ್ಪು ನೆನಪಿಗೆ ಮಾಂಡೆಗ್ರೀನ್ ಎಂಬ ಮುದ್ದಾದ ಹೆಸರಿದೆ. 1592ರಲ್ಲಿ ಕೊಲೆಯಾದ ಮರೆಯ ಅರ್ಲ್ ಎಂಬ ಸ್ಕಾಟ್ ಸರದಾರನ ಮೇಲೊಂದು ಲಾವಣಿಯಿದೆ. ಸಿಲ್ವಿಯಾ ರೈಟ್ ಎಂಬ ಅಮೆರಿಕನ್ ಲೇಖಕಿ ಚಿಕ್ಕವಳಿದ್ದಾಗ ತಾಯಿ ಅದನ್ನು ಓದಿ ಹೇಳುತ್ತಿದ್ದರು. ಕೊಂದವರು ಅವನನ್ನು ಹಸಿರು ನೆಲದ ಮೇಲೆ ಮಲಗಿಸಿದ ಸಂಗತಿ ಅದರಲ್ಲಿ ಬರುತ್ತದೆ. ಮಗುವಿನ ಕಿವಿಗೆ 'ಲೇಡ್ ಹಿಮ್ ಆನ್ ದ ಗ್ರೀನ್' ಎಂಬ ಆ ಪದಗಳೆಲ್ಲ ಅಂಟಿಕೊಂಡು ಲೇಡಿ ಮಾಂಡೆಗ್ರೀನ್ ಎಂಬ ಹೆಂಗಸಾಗಿ ಕೇಳಿದವು. ಅರ್ಲ್ ಒಬ್ಬನೇ ಸಾಯಲಿಲ್ಲ, ಅವನ ಜೊತೆ ಒಬ್ಬ ಚೆಲುವೆಯೂ ಪ್ರಾಣಬಿಟ್ಟಳು ಎಂದು ಅವಳು ವರ್ಷಗಟ್ಟಲೆ ನಂಬಿದ್ದಳು. 1954ರಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಇದನ್ನು ಬರೆದು, ಹೀಗೆ ತಪ್ಪಾಗಿ ಕೇಳಿಸಿಕೊಂಡ ಸಾಲುಗಳಿಗೆಲ್ಲ ಆ ಇಲ್ಲದ ಹೆಂಗಸಿನ ಹೆಸರಿಟ್ಟರು. ಮೂಲಕ್ಕಿಂತ ತಮ್ಮ ಪಾಠವೇ ಚೆನ್ನಾಗಿದೆ ಎಂಬುದು ಅವರ ವಾದ. ವಿವಿಧ ಭಾರತಿಯ ಕಾಲದಲ್ಲಿ ರೇಡಿಯೊಗೆ ಕಿವಿಯಂಟಿಸಿ ಸಿನಿಮಾ ಹಾಡು ಬರೆದುಕೊಂಡ ನಮ್ಮ ತಲೆಮಾರಿನ ನೋಟ್‌ಬುಕ್ಕುಗಳಲ್ಲೂ ಇಂಥ ಎಷ್ಟು ಲೇಡಿಯರಿದ್ದಾರೋ.

ಇಲ್ಲಿಯವರೆಗಿನವು ಹೆಚ್ಚಾಗಿ ನಗುತ್ತ ಹೇಳಬಹುದಾದ ತಪ್ಪುಗಳು. ಪೊಲೀಸ್ ಠಾಣೆಯಲ್ಲಿ, ಸಾಕ್ಷಿಕಟ್ಟೆಯಲ್ಲಿ ಇದೇ ಗುಣ ಒಬ್ಬರ ಬದುಕನ್ನೇ ತಿನ್ನಬಲ್ಲದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಕಾರು ಅಪಘಾತದ ಚಿತ್ರವೊಂದನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಕಾರುಗಳು ಒಂದಕ್ಕೊಂದು 'ತಾಗಿದಾಗ' ಎಷ್ಟು ವೇಗದಲ್ಲಿದ್ದವು ಎಂದು 50 ಮಂದಿಯನ್ನು ಕೇಳಿದರು. 'ಅಪ್ಪಳಿಸಿದಾಗ' ಎಂದು ಬೇರೆ 50 ಮಂದಿಯನ್ನು. ವಾರದ ನಂತರ ಕರೆದು, ಒಡೆದ ಗಾಜು ನೋಡಿದಿರಾ ಎಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಮೊದಲ ಗುಂಪಿನಲ್ಲಿ 7 ಮಂದಿ, ಎರಡನೆಯದರಲ್ಲಿ 16 ಮಂದಿ ನೋಡಿದೆವು ಎಂದರು. ಒಂದು ಕ್ರಿಯಾಪದ ವಾರದೊಳಗೆ ಗಾಜು ಒಡೆದಿತ್ತು. ಹೀಗೆ ಆಮೇಲೆ ಕಿವಿಗೆ ಬಿದ್ದ ಮಾತು ನೆನಪನ್ನು ತಿದ್ದುವುದಕ್ಕೆ ಮಿಸ್‌ಇನ್ಫರ್ಮೇಶನ್ ಎಫೆಕ್ಟ್ ಎಂಬ ಹೆಸರು ಬಂತು. ಕೆಲವು ಮಿದುಳಿನ ಕಾಯಿಲೆಗಳಲ್ಲಿ ರೋಗಿ ನೆನಪಿನ ಖಾಲಿ ಜಾಗವನ್ನು ಸ್ವಂತ ಕಥೆಯಿಂದ ತುಂಬುತ್ತಾನೆ, ಮೋಸದ ಉದ್ದೇಶ ಒಂದಿಷ್ಟೂ ಇರುವುದಿಲ್ಲ. ವೈದ್ಯರು ಅದಕ್ಕೆ ಕಾನ್ಫ್ಯಾಬ್ಯುಲೇಶನ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಬರೀ ಹರಟೆ.

ದೊಡ್ಡ ಆಘಾತದ ಸುದ್ದಿ ಕೇಳಿದ ಗಳಿಗೆ ಫೋಟೊದಂತೆ ಅಚ್ಚೊತ್ತುತ್ತದೆ ಎಂದು ನಂಬಿ 1977ರಲ್ಲಿ ಇಬ್ಬರು ಸಂಶೋಧಕರು ಅದಕ್ಕೆ ಫ್ಲ್ಯಾಶ್‌ಬಲ್ಬ್ ಮೆಮೊರಿ ಎಂದು ಹೆಸರಿಟ್ಟಿದ್ದರು. ನೈಸರ್ ಅದನ್ನು ಪರೀಕ್ಷೆಗೆ ಒಡ್ಡಿದರು. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಸಿಡಿದ ಮರುದಿನ ಬೆಳಿಗ್ಗೆಯೇ ಎಮರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ಯಾರಿಂದ ಕೇಳಿದಿರಿ, ಎಲ್ಲಿದ್ದಿರಿ ಎಂದು ಬರೆಸಿಟ್ಟುಕೊಂಡರು. ಸುಮಾರು ಎರಡೂವರೆ ವರ್ಷದ ನಂತರ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದರು. ಕಾಲುಭಾಗದಷ್ಟು ಜನರ ಉತ್ತರ ಪೂರ್ತಿ ತಪ್ಪಾಗಿತ್ತು. ತಪ್ಪು ಹೇಳಿದವರಲ್ಲೂ ಆತ್ಮವಿಶ್ವಾಸಕ್ಕೆ ಕೊರತೆಯಿರಲಿಲ್ಲ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ.

ನೈಸರ್ ಟಂಕಿಸಿದ ಇನ್ನೊಂದು ಪದ ನನಗೆ ಈ ಎಲ್ಲಕ್ಕಿಂತ ಹೆಚ್ಚು ಇಷ್ಟ: ರೆಪಿಸೋಡಿಕ್. ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷ ನಿಕ್ಸನ್‌ರ ಸಲಹೆಗಾರ ಜಾನ್ ಡೀನ್ 1973ರ ಜೂನ್‌ನಲ್ಲಿ ಸೆನೆಟ್ ಸಮಿತಿಯೆದುರು 245 ಪುಟಗಳ ಹೇಳಿಕೆ ಓದಿದರು. ಯಾರು ಏನೆಂದರೆಂಬ ವಿವರ ಕೇಳಿ ಜನ ಅವರನ್ನು ಮನುಷ್ಯರೂಪದ ಟೇಪ್ ರೆಕಾರ್ಡರ್ ಎಂದರು. ಮುಂದೆ ನಿಜವಾದ ಟೇಪುಗಳೇ ಹೊರಬಂದವು. ನೈಸರ್ 1981ರಲ್ಲಿ ಎರಡನ್ನೂ ಹೋಲಿಸಿದರೆ, 1972ರ ಸೆಪ್ಟೆಂಬರ್ 15ರ ಭೇಟಿಯ ಬಗ್ಗೆ ಡೀನ್ ಹೇಳಿದ ಸಂಭಾಷಣೆ ಬಹುಪಾಲು ನಡೆದೇ ಇರಲಿಲ್ಲ. ಆದರೆ ಒಟ್ಟು ಸಂಗತಿ, ಅಂದರೆ ಹಗರಣ ಮುಚ್ಚಿಹಾಕುವುದು ನಿಕ್ಸನ್‌ಗೆ ಗೊತ್ತಿತ್ತೆಂಬುದು, ನಿಜವಾಗಿತ್ತು. ಮತ್ತೆ ಮತ್ತೆ ನಡೆದ ಹಲವು ಸಂದರ್ಭಗಳ ಸಾರ ಒಂದೇ ದಿನದ ಘಟನೆಯ ವೇಷ ಹಾಕಿಕೊಂಡು ಬರುವುದೇ ರೆಪಿಸೋಡಿಕ್ ನೆನಪು. ನಮ್ಮ ಹಿರಿಯರು ಹೇಳುವ 'ಅವತ್ತು ಒಂದು ದಿನ' ಎಂಬ ಕಥೆಗಳಲ್ಲಿ ಬಹಳಷ್ಟು ಇದೇ ಜಾತಿಯವು ಇರಬೇಕು.

ತೀರ ಈಚಿನದು ಮಂಡೇಲಾ ಎಫೆಕ್ಟ್. ನೆಲ್ಸನ್ ಮಂಡೇಲಾ ಜೈಲಿನಲ್ಲೇ ತೀರಿಕೊಂಡರೆಂದು ತನ್ನಂತೆಯೇ ಅನೇಕರಿಗೆ ನೆನಪಿದೆ ಎಂದು ಫಿಯೋನಾ ಬ್ರೂಮ್ ಎಂಬ ಅಮೆರಿಕನ್ ಲೇಖಕಿ ಗಮನಿಸಿ, ಹಲವರು ಒಂದೇ ತಪ್ಪನ್ನು ಒಂದೇ ಥರ ನೆನೆಯುವುದಕ್ಕೆ ಈ ಹೆಸರಿಟ್ಟರು. ಮಂಡೇಲಾ 1990ರಲ್ಲಿ ಬಿಡುಗಡೆಯಾದರು, ಅದೇ ವರ್ಷ ಭಾರತಕ್ಕೆ ಬಂದರು, ಭಾರತ ರತ್ನ ಪಡೆದರು, 2013ರಲ್ಲಿ ತೀರಿಕೊಂಡರು. ತಮ್ಮ ನೆನಪು ತಪ್ಪೆಂದು ಒಪ್ಪಲಾರದ ಕೆಲವರು ಇದಕ್ಕೆ ಸಮಾನಾಂತರ ಜಗತ್ತುಗಳ ವಾದ ಹೂಡುತ್ತಾರೆ. ನನ್ನ ತಲೆ ತಪ್ಪಿರಬಹುದು ಎನ್ನುವುದಕ್ಕಿಂತ ಬ್ರಹ್ಮಾಂಡವೇ ಎರಡಾಗಿರಬಹುದು ಎನ್ನುವುದು ಅವರಿಗೆ ಸುಲಭ.

ತಪ್ಪು ನೆನಪಿಗೆ ಹಾಗಲ್ಲ ಎನ್ನಲು ಬರೆದಿಟ್ಟದ್ದೇ ಬೇಕು. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮನೆಯ ಟ್ರಂಕಿನಲ್ಲಿ ಹಳೆಯ ಫೋಟೊಗಳಿದ್ದರೆ ಹೊರತೆಗೆದು, ಹಿರಿಯರು ಎದುರಿಗಿರುವಾಗಲೇ ಕೇಳಿ, ಪ್ರತಿಯೊಂದರ ಹಿಂದೆ ಹೆಸರು, ಊರು, ಇಸವಿ ಬರೆದಿಡಿ. ಅವರು ಹೇಳಿದ ಇಸವಿಯನ್ನು ಆಮೇಲೆ ಲಗ್ನಪತ್ರಿಕೆಯ ಜೊತೆಗೋ ಶಾಲೆಯ ಸರ್ಟಿಫಿಕೇಟಿನ ಜೊತೆಗೋ ಒಮ್ಮೆ ತಾಳೆ ನೋಡಿ.